ನಾಲ್ಕು ಮೂಲೆಯ ಸೊಲ್ಲು

ಕಂಪಲಾಪುರದ ಹತ್ತಿರ, ಪಿರಿಯಾಪಟ್ಟಣ ತಾಲ್ಲೂಕು
18 ಡಿಸೆಂಬರ್ 2023

ವಾಣಿ,

ಈ ಕಾಗದದ ಮಡಿಕೆಯಲ್ಲಿ ಒಂದು ಪೆನ್ ಡ್ರೈವ್ ಇದೆ. ಮೊದಲು ಅದನ್ನ ಎತ್ತಿಡು. ಅರಿಶಿಣದ ಡಬ್ಬಿಯಲ್ಲಿ ಬೇಡ, ಹೋದ ಸಲದ್ದು ಹಳದಿಯಾಗಿ ವಾಪಸ್ ಬಂತು.

ಫೋನಲ್ಲೇ ಹೇಳಬಹುದಿತ್ತು. ಆದರೆ ಫೋನಲ್ಲಿ ನೀನು ಎಲ್ಲಕ್ಕೂ ಹ್ಞೂ ಅಂತೀಯ, ಇಟ್ಟ ಮೇಲೆ ಒಂದೂ ನೆನಪಿರಲ್ಲ. ಬರೆದುಕೊಟ್ಟರೆ ಅಂಗಡಿ ಗೋಡೆಗೆ ಅಂಟಿಸಿಕೊಂಡಾದರೂ ಓದ್ತೀಯ. ನಮ್ಮೂರ ಬಸ್ಸಿನ ಕಂಡಕ್ಟರ್ ಹುಣಸೂರಲ್ಲಿ ಕೋಟೆಗೆ ಹೋಗೋ ಬಸ್ಸಿಗೆ ಕೊಡ್ತಾನೆ, ಅಲ್ಲಿಂದ ಸರಗೂರಿಗೆ ಬಂದು ನಿನ್ನ ಕೈ ಸೇರುತ್ತೆ.

ಡ್ರೈವಲ್ಲಿ ಇರೋದಕ್ಕೆ ಟೆಂಪ್ಲೇಟು ಅಂತಾರೆ. ಇಲ್ಲಿವರೆಗೆ ನಾವು ಮಾಡ್ತಿದ್ದ ಪಾಡು ನೆನಪು ಮಾಡಿಕೊ. ನಿಮ್ಮನೆಯವರ ಶಾಮಿಯಾನ ಅಂಗಡಿಗೆ ಮದುವೆ ಆರ್ಡರ್ ಬಂದರೆ, ಜೊತೆಗೆ ಹೆಣ್ಣು ಗಂಡಿನ ಹೆಸರು ಸೇರಿಸಿದ ಸೋಬಾನೆ ಪದವೂ ಬೇಕು ಅಂತಾರೆ. ನೀನು ಅಲ್ಲಿ ಪದ ಹೇಳಿ ಕಳಿಸ್ತೀಯ. ನಾನು ಇಲ್ಲಿ ಹಿಂದಿನ ಸೊಲ್ಲು ಸೇರಿಸಿ, ಶ್ರುತಿ ಕೂರಿಸಿ, ಹದ ಮಾಡಿ ವಾಪಸ್ ಕಳಿಸ್ತೀನಿ. ಪ್ರತಿ ಪದಕ್ಕೂ ಮೊದಲಿಂದ ಶುರು. ಅಷ್ಟೊತ್ತಿಗೆ ಮದುವೆ ಮುಗಿದು ಬೀಗರೂಟ ನಡೀತಿರುತ್ತೆ.

ಇನ್ನು ಹಾಗಿಲ್ಲ. ಈ ಫೈಲು ತೆರೆದರೆ ಎಲ್ಲ ಜೋಡಿಸಿಟ್ಟಿದೆ. ಮೇಲಿನ ಕೆಂಪು ಪಟ್ಟಿ ನಿನ್ನದು, ಖಾಲಿ. ಅದರ ಕೆಳಗಿನ ನಾಲ್ಕು ಹಸಿರು ಪಟ್ಟಿ ನನ್ನವು. ನೀನು ಒಂದು ಸಾಲು ಎತ್ತಿದ ಮೇಲೆ ಹಿಂದಿನವರು ಹೇಳೋ 'ಸೋಬಾನೆ' ಆಗಲೇ ಅಲ್ಲಿ ಕೂತಿದೆ. ಹೆಸರು ಬದಲಾಗುತ್ತೆ, ಊರು ಬದಲಾಗುತ್ತೆ, ಸೋಬಾನೆ ಬದಲಾಗಲ್ಲವಲ್ಲ. ನೀನು ಕೆಂಪು ಗುಂಡಿ ಒತ್ತಿ ಹೇಳಿಬಿಟ್ಟರೆ ಪದ ತಯಾರು.

ಹೊಗೆಸೊಪ್ಪೆಲ್ಲ ಹರಾಜಿಗೆ ಹೋಗಿ, ಸೊಪ್ಪು ಬೇಯಿಸೋ ಬ್ಯಾರನ್ ಖಾಲಿಯಾಗಿದೆ. ಗೋಡೆ ದಪ್ಪ, ಹೊರಗಿನ ಸದ್ದು ಬರಲ್ಲ. ಇವರು ಸೊಪ್ಪು ನೇತುಹಾಕೋ ಗಳುಗಳಿಗೆ ಕೌದಿ ಕಟ್ಟಿಕೊಟ್ಟರು. ನಾಲ್ಕು ಮೂಲೆಯಲ್ಲಿ ಒಂದೊಂದು ಸಲ ನಿಂತು ಹೇಳಿದ್ದೀನಿ, ಕೇಳಿದರೆ ನಾಲ್ಕು ಹೆಂಗಸರು ಅನ್ನಿಸುತ್ತೆ. ಇವರು ಕೋಳಿ ಓಡಿಸಿಕೊಂಡು ಬಾಗಿಲಾಚೆ ನಿಂತಿದ್ದರು. ಒಂದೊಂದು ಸಲ ಮುಗಿದಾಗಲೂ 'ಆಯ್ತಾ?' ಅಂತ ಕೂಗೋರು. ಅದನ್ನೆಲ್ಲ ಕತ್ತರಿಸೋದೇ ಒಂದು ಕೆಲಸವಾಯ್ತು.

ಒಂದು ಮಾತು ಮರೀಬೇಡ. ಫೈಲು ತೆರೆದ ತಕ್ಷಣ ಬೇರೆ ಹೆಸರಲ್ಲಿ ಸೇವ್ ಮಾಡು. ಅದಾದ ಮೇಲೇ ಬಾಯಿ ತೆಗೆ. ಧನುರ್ಮಾಸ, ಮದುವೆ ಇಲ್ಲ. ಈಗಲೇ ಕಲಿತುಕೊ.

ನಿಮ್ಮಜ್ಜಿ ದೊಡ್ಡತಾಯಮ್ಮ ನಮಗಿಬ್ಬರಿಗೂ ಪದ ಕಲಿಸುವಾಗ ನಿನ್ನನ್ನ ಮುಂದೆ ನಿಲ್ಲಿಸಿ ನನ್ನನ್ನ ಹಿಂದೆ ನಿಲ್ಲಿಸಿದರು. ಕೆ.ಆರ್.ನಗರದ ಕಡೆಯಿಂದ ನಾವಿಬ್ಬರೂ ಎಲ್ಲೆಲ್ಲಿಗೋ ಮದುವೆಯಾಗಿ ಬಂದರೂ ನಾನು ಇನ್ನೂ ನಿನ್ನ ಹಿಂದೇ ನಿಂತಿದ್ದೀನಿ ನೋಡು.

ಪ್ರಮೀಳಾ


ಸರಗೂರು
20 ಫೆಬ್ರವರಿ 2024

ಅಮ್ಮಿ ಪ್ರಮೀಳಾ,

ಮೊದಲು ಕೂತ್ಕೊ. ಕೂತ್ಕೊಂಡು ಓದು. ಬೈಯೋದಾದ್ರೆ ಪೂರ್ತಿ ಓದಿ ಆಮೇಲೆ ಬೈ.

ನಿನ್ನ ಟೆಂಪ್ಲೇಟು ಬಂಗಾರ ಕಣೆ. ಬೆಳಿಗ್ಗೆ ಆರ್ಡರ್ ಬಂದ್ರೆ ಸಂಜೆಗೆ ಪದ ಕೊಟ್ಬುಡ್ತೀನಿ. ಇವರಂತೂ ಅಂಗಡಿ ಬೋರ್ಡಿನ ಮೇಲೆ 'ಹೆಸರು ಹಾಕಿದ ಸೋಬಾನೆ ಅದೇ ದಿನ ಸಿಗುತ್ತದೆ' ಅಂತ ಬರೆಸವ್ರೆ. ಕಾಗದಾನೂ ನೀನು ಹೇಳ್ದಂಗೇ ಕಂಪ್ಯೂಟರ್ ಪಕ್ಕ ಗೋಡೆಗೆ ಅಂಟಿಸಿದೀನಿ. ಬಂದೋರೆಲ್ಲ ಓದಿ ನಗ್ತಾರೆ.

ಓದ್ದೆ ಅಂದ್ರೆ ಓದ್ದೆ. ಮಾಡ್ಲಿಲ್ಲ ಅಷ್ಟೆ.

ಅಂತರಸಂತೆ ಕಡೇ ಮದುವೆಗೆ ಪದ ಹೇಳ್ದಾಗ ಬೇರೆ ಹೆಸರಲ್ಲಿ ಸೇವ್ ಮಾಡೋದು ಮರ್ತೋಯ್ತು. ಟೆಂಪ್ಲೇಟಿನ ಮೇಲೇ ಹೇಳ್ಬುಟ್ಟಿದೀನಿ. ಅದಾದ ಮುಂದಿನ ವಾರ ಇಲ್ಲೇ ಸರಗೂರಲ್ಲಿ ಇನ್ನೊಂದು ಮದುವೆ ಇತ್ತು. ಹೊಸಾ ಹೆಸರು ಹಾಕಿ ಹೇಳ್ದೆ. ಆದ್ರೆ ಹಳೇದು ಕೊನೇಲಿ ಒಂದು ಸಾಲು ಹಂಗೇ ಕೂತಿತ್ತು, ನಾನು ಕೊನೇವರ್ಗೂ ಕೇಳ್ಲೇ ಇಲ್ಲ. ಧಾರೆ ಮುಗೀತು, ಪದ ಹಾಕಿದ್ರು. ಎಲ್ಲಾ ಚೆನ್ನಾಗೇ ಬಂತು. ಕೊನೇ ಸಾಲಲ್ಲಿ ನಾನು ಬಾಯ್ತುಂಬಾ 'ನಮ್ಮ ಸುನೀಲ್ಕುಮಾರಂಗೆ ಬಾಸಿಂಗ ಕಟ್ಟಿರೇ' ಅಂತ ಹೇಳ್ಬುಟ್ಟೆ. ಹಿಂದೆ ನೀನು ನಾಕು ಮೂಲೆಯಿಂದ ಸೋಬಾನೆ ಅಂತೀಯ. ಹಸೆಮಣೆ ಮೇಲೆ ಕೂತಿರೋ ಗಂಡಿನ ಹೆಸರು ಶಿವಣ್ಣ.

ಗಂಡಿನ ದೊಡ್ಡಪ್ಪ ಎದ್ದು ನಿಂತ್ಕೊಂಡು 'ಯಾರ್ಲಾ ಅವ್ನು ಸುನೀಲ್ಕುಮಾರ' ಅಂದ. ಹೆಣ್ಣಿನ ಮುಖ ನೋಡ್ಬೇಕಿತ್ತು ನೀನು. ಇವರು ಓಡೋಗಿ ವೈರೇ ಕಿತ್ತಾಕಿದ್ರು. ಅರ್ಧ ಗಂಟೆ ಸಮಾಧಾನ ಹೇಳಿದ ಮೇಲೆ ಊಟಕ್ಕೆ ಕೂತ್ರು.

ಏನಾದ್ರೂ ಮಾಡು ತಾಯಿ. ನಾನು ಮುಟ್ಟಿದ್ರೂ ಕೆಡದಂಗೆ ಮಾಡು.

ವಾಣಿಶ್ರೀ


ಕಂಪಲಾಪುರದ ಹತ್ತಿರ
1 ಮಾರ್ಚ್ 2024

ವಾಣಿ,

ಪೂರ್ತಿ ಓದಿದೆ. ಆಮೇಲೆ ಬೈದೆ. ಇಲ್ಲಿಂದಲೇ ಬೈದಿದ್ದೀನಿ, ನಿನಗೆ ಕೇಳಿಸದಿದ್ದರೆ ನಿನ್ನ ಪುಣ್ಯ.

ಎರಡನೇ ಟೆಂಪ್ಲೇಟು ಕಳಿಸಿದ್ದೀನಿ. ಇದಕ್ಕೆ ಬೀಗ ಹಾಕಿದ್ದೀನಿ. ನೀನು ಏನೇ ಒತ್ತಿದರೂ ತಾನಾಗೇ ಹೊಸ ಫೈಲು ಮಾಡಿಕೊಂಡು ತೆರೆಯುತ್ತೆ, ಮೂಲ ಹಾಗೇ ಇರುತ್ತೆ. ಹಸಿರು ಪಟ್ಟಿಗಳನ್ನೂ ಸರಿಸೋಕಾಗದ ಹಾಗೆ ಮಾಡಿದ್ದೀನಿ. ಬಲಗಡೆ ಎಂ ಅಂತ ಒಂದು ಗುಂಡಿ ಇದೆ, ಮ್ಯೂಟ್. ಅದನ್ನ ಒತ್ತಿದರೆ ಆ ಪಟ್ಟಿಯ ದನಿ ನಿಲ್ಲುತ್ತೆ, ಮತ್ತೆ ಒತ್ತಿದರೆ ಬರುತ್ತೆ. ನಿನ್ನ ದನಿ ಒಂದನ್ನೇ ಕೇಳಿ ತಪ್ಪು ನೋಡಿಕೊಳ್ಳೋಕೆ ಅದು ಬೇಕಾಗುತ್ತೆ. ಕೇಳಿದ ಮೇಲೆ ಮತ್ತೆ ಒತ್ತೋದು ಮರೀಬೇಡ, ಇಲ್ಲದಿದ್ದರೆ ಮದುವೆಯಲ್ಲಿ ನೀನೊಬ್ಬಳೇ ಕೂಗ್ತಿರ್ತೀಯ.

ನಿನ್ನ ಕಾಗದವನ್ನ ಇವರಿಗೆ ಓದಿ ಹೇಳಿದೆ. ತಪ್ಪಾಯ್ತು. ಅವತ್ತಿಂದ ಮನೆಗೆ ಬರುವಾಗಲೆಲ್ಲ ಬಾಗಿಲಲ್ಲಿ ನಿಂತು 'ಸುನೀಲ್ಕುಮಾರ್ ಬಂದವ್ನೆ, ಕಾಫಿ ಕೊಡಿ' ಅಂತಾರೆ. ಅತ್ತೆಗೆ ನಕ್ಕು ನಕ್ಕು ಕೆಮ್ಮು ಬಂತು.

ಪ್ರಮೀಳಾ


ಸರಗೂರು
2 ಸೆಪ್ಟೆಂಬರ್ 2024

ಪ್ರಮೀಳಾ,

ಏನು ಬರೀಲಿ ಅಂತಾನೇ ಗೊತ್ತಾಗ್ತಿಲ್ಲ. ಮಣ್ಣು ಮಾಡೋ ದಿನ ಬಂದಾಗ ನಿನ್ನ ಪಕ್ಕ ಕೂತಿದ್ದೆ. ನೀನು ಬ್ಯಾರನ್ ಕಡೆ ನೋಡ್ತಾ ಇದ್ದೆ. ಒಳಗೆ ಸೊಪ್ಪು ಬೇಯ್ತಿತ್ತು. ರಘಣ್ಣ ಹಾಕಿದ್ದ ಬೆಂಕಿ ಅದು ಅಂತ ನಿಮ್ಮತ್ತೆ ಮಗನ್ನ ನೆನೆಸ್ಕೊಂಡು ಹೇಳಿದ್ರು. ಬೆಂಕಿ ಹಾಕಿ ಎದೆ ಹಿಡ್ಕೊಂಡು ಕೂತೋರು ಹುಣಸೂರು ಆಸ್ಪತ್ರೆ ಸೇರೋ ಮುಂಚೇನೇ ಹೋಗ್ಬುಟ್ರು ಅಂತಾರೆ. ನಂಬೋಕೆ ಆಗ್ತಿಲ್ಲ ಕಣೆ. ಮೊನ್ನೆ ಮೊನ್ನೆ ಫೋನಲ್ಲಿ 'ವಾಣಕ್ಕ, ಸುನೀಲ್ಕುಮಾರ್ ಮಾತಾಡ್ತಿರೋದು' ಅಂದಿದ್ರು.

ಪದದ ವಿಚಾರ ತಲೆಗೆ ಹಚ್ಕೋಬೇಡ. ಟೆಂಪ್ಲೇಟು ಅದೆ, ನಾನು ಹೆಂಗೋ ನೋಡ್ಕೋತೀನಿ. ನೀನು ಸೊಪ್ಪು ನೋಡ್ಕೊ, ಅತ್ತೇನ ನೋಡ್ಕೊ. ಮೂರು ಹೊತ್ತು ಊಟ ಮಾಡು.

ಫೋನ್ ಮಾಡಿದ್ರೆ ಅತ್ತುಬುಡ್ತೀನಿ ಅಂತ ಮಾಡ್ಲಿಲ್ಲ.

ವಾಣಿ


ಕಂಪಲಾಪುರದ ಹತ್ತಿರ
5 ಡಿಸೆಂಬರ್ 2024

ವಾಣಿ,

ಸೊಪ್ಪು ಮುಗಿಯಿತು. ಕೂಲಿಯವರನ್ನ ಇಟ್ಟುಕೊಂಡು ನಾನೇ ಬೇಯಿಸಿದೆ. ಎರಡು ಸಲ ಬೇಯಿಸಿದ್ದು ಕಪ್ಪಾಯ್ತು, ಉಳಿದಿದ್ದು ಪರವಾಗಿಲ್ಲ.

ಮೂರನೇ ಟೆಂಪ್ಲೇಟು ಕಳಿಸ್ತಿದ್ದೀನಿ. ಹಿಂದಿನ ಸೊಲ್ಲಲ್ಲಿ ಬೇಡದ ಸದ್ದಿತ್ತು, ತೆಗೆದು ಶುದ್ಧ ಮಾಡಿದ್ದೀನಿ. ಹಳೇ ಎರಡನ್ನೂ ನಿನ್ನ ಕಂಪ್ಯೂಟರಿಂದ ಅಳಿಸಿಬಿಡು. ಇನ್ನು ಎಲ್ಲ ಮದುವೆಗೂ ಇದೇ ಇರಲಿ. ಹೆಸರಿನ ಸಾಲುಗಳಿಗೆ ಜಾಗ ಜಾಸ್ತಿ ಬಿಟ್ಟಿದ್ದೀನಿ. ಈಗೀಗ ಹೆಣ್ಣಿನ ಹೆಸರೂ ಉದ್ದ, ಗಂಡಿನ ಹೆಸರೂ ಉದ್ದ.

ಒಂದು ಮಾತು ಹೇಳ್ತೀನಿ, ವಾಪಸ್ ಉತ್ತರ ಬರೀಬೇಕಾಗಿಲ್ಲ. ಹೋದ ವಾರ ಪಕ್ಕದ ಮನೆಯಲ್ಲಿ ಹುಡುಗಿಗೆ ಅರಿಶಿಣ ಹಚ್ಚಿದರು. ಹೋದ ವರ್ಷ ಆಗಿದ್ದರೆ ಮೊದಲು ನನ್ನ ಕರೆಯೋರು. ಈ ಸಲ ಆ ಮನೆಯ ವಿಮಲಮ್ಮ ಬಂದು ನಮ್ಮ ಜಗುಲಿಯಲ್ಲಿ ಕೂತು, ಬೇರೆ ಏನೇನೋ ಮಾತಾಡಿ ಹೋದಳು. ಪಾಪ, ಅವಳಿಗೂ ಹೇಳೋಕೆ ಬಾಯಿ ಬರಲಿಲ್ಲ. ನಾನು ಒಳಗೆ ಹೋಗಿ ರಾಗಿ ಕೇರಿದೆ. ಆಚೆ ಮನೆ ಪದ ಕೇಳಿಸ್ತಾ ಇತ್ತು. ಹಿಂದಿನವರು ತಡವಾಗಿ ಹಿಡೀತಿದ್ದರು.

ಕರೆಯಲ್ಲ ಅನ್ನೋದು ಮುಂಚೆಯೇ ಗೊತ್ತಿತ್ತು. ಗೊತ್ತಿದ್ದರೂ ಬಾಗಿಲ ಕಡೆ ನೋಡ್ತಿದ್ದೆ. ಇನ್ನು ನನ್ನ ದನಿ ಮದುವೆ ಮನೆಗೆ ಹೋಗೋದು ನಿನ್ನ ಕಂಪ್ಯೂಟರಿನ ಆ ನಾಲ್ಕು ಹಸಿರು ಪಟ್ಟಿಯಲ್ಲಿ ಮಾತ್ರ. ಅದೊಂದು ಇರಲಿ ವಾಣಿ. ಬೇರೇನೂ ಬೇಡ ನನಗೆ.

ಪ್ರಮೀಳಾ


ಸರಗೂರು
18 ಮಾರ್ಚ್ 2025

ಪ್ರಮೀಳಾ,

ತಡ ಆಯ್ತು ಬರೆಯೋದು. ಕೈ ತುಂಬಾ ಕೆಲಸ. ಡಿಸೆಂಬರಿಂದ ಇಲ್ಲೀಗಂಟ ಎಷ್ಟು ಮದುವೆಗೆ ಪದ ಕೊಟ್ಟೆ ಅಂತ ಲೆಕ್ಕಾನೇ ಇಟ್ಟಿಲ್ಲ. ಕೋಟೆ, ಅಂತರಸಂತೆ, ಹುಣಸೂರು ಆಚೆವರ್ಗೂ ಹೋಗೈತೆ. ಕೊಪ್ಪದಲ್ಲಿ ಸೌಂಡ್ ಬಾಡಿಗೆ ಕೊಡೋರೂ ನಮ್ಮತ್ರಾನೇ ಪದ ತಗೋತಾರೆ ಈಗ.

ಕೋಟೆಯ ಮಂಗಳಮ್ಮನ ಮೊಮ್ಮಗಳ ಮದುವೆ ಫೆಬ್ರವರೀಲಿ ಜೋರಾಗಿ ಆಯ್ತು. ಮಂಗಳಮ್ಮ ಅಂದ್ರೆ ಗೊತ್ತಲ್ಲ, ಆ ಕಡೆ ಯಾರ ಮನೆ ಶುಭಕಾರ್ಯ ಆದ್ರೂ ಆವಮ್ಮ ಎದ್ದು ನಿಂತ್ರೇನೇ ಶುರು. ಪದ ಕೇಳಿ, ಹಿಂದೆ ಹೇಳೋರು ಯಾರು, ಬಲು ಚೆನ್ನಾಗಿ ಹಿಡೀತಾರೆ ಅಂದ್ರು. ನನ್ನ ಜೊತೇಲಿ ಬೆಳೆದೋಳು ಅಂದೆ.

ಬೇಸಿಗೆ ಬಂತು. ಇಲ್ಲಿ ಕಬಿನಿ ಹಿನ್ನೀರು ಕೆಳಗಿಳೀತಾ ಅದೆ. ನಮ್ಮ ಸೌಂದರ್ಯ ಬಿ.ಎಡ್. ಮುಗಿಸ್ತಾವಳೆ, ಗಂಡು ನೋಡ್ತಾ ಇದೀವಿ.

ಮತ್ತೇನೂ ವಿಶೇಷ ಇಲ್ಲ.

ವಾಣಿ


ಕಂಪಲಾಪುರದ ಹತ್ತಿರ
12 ಮೇ 2025

ವಾಣಿ,

ನಿನ್ನೆ ಭಾನುವಾರ ಕೊಪ್ಪದಲ್ಲಿ ನಮ್ಮ ಅತ್ತೆಯ ತಮ್ಮನ ಮೊಮ್ಮಗನ ಮದುವೆ. ನಾನು ಬರಲ್ಲ ಅಂದೆ. ಅತ್ತೆ ಕೇಳಲಿಲ್ಲ, ಊಟ ಮಾಡ್ಕೊಂಡು ಬರೋಣ ನಡಿ ಅಂದರು. ಧಾರೆ ಹೊತ್ತಲ್ಲಿ ನಾನು ಛತ್ರದ ಹಿಂದೆ ಕೈ ತೊಳೆಯೋ ಕಡೆ ನಿಂತಿದ್ದೆ. ಅಲ್ಲೊಂದು ಸ್ಪೀಕರ್ ಕಟ್ಟಿದ್ದರು. ಪದ ಶುರುವಾಯ್ತು. ನಿನ್ನ ದನಿ ಕೇಳಿ ಖುಷಿಯಾಯ್ತು. ಹುಡುಗನ ಹೆಸರು ಬಂತು. ಈಗ ನಾನು ಬರ್ತೀನಿ ಅಂತ ಕಾದೆ.

ಬಂದಿದ್ದು ನೀನೇ.

ನಾಲ್ಕು ದನಿಯೂ ನಿನ್ನವೇ. ಎರಡನ್ನ ಸ್ವಲ್ಪ ಕೆಳಗಿಳಿಸಿದ್ದೀಯ, ಒಂದನ್ನ ಮೇಲಕ್ಕೆ ಏರಿಸಿದ್ದೀಯ. ಬೇರೆಯವರಿಗೆ ಗೊತ್ತಾಗಲ್ಲ. ನಾನು ಚಿಕ್ಕವಳಿದ್ದಾಗಿಂದ ಆ ದನಿಯ ಹಿಂದೆ ನಿಂತವಳು, ನನಗೆ ಗೊತ್ತಾಗಲ್ವಾ.

ಸೊಲ್ಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳೋದು ಕೂಡ ನಾಲ್ಕಕ್ಕೂ ಒಂದೇ ಥರ ಇತ್ತು. ಒಬ್ಬಳೇ ಪ್ರಶ್ನೆ ಕೇಳಿ ಒಬ್ಬಳೇ ಉತ್ತರ ಹೇಳಿದ ಹಾಗಿತ್ತು. ನಾನು ಕೈ ತೊಳೆಯದೇ ಬಂದು ಬಸ್ ಸ್ಟ್ಯಾಂಡಲ್ಲಿ ಕೂತೆ. ಅತ್ತೆ ಹುಡುಕಿಕೊಂಡು ಬಂದರು.

ಯಾಕೆ ಅಂತ ಕೇಳಲ್ಲ, ಯಾಕೆ ಅಂತ ಗೊತ್ತು. ಯಾವತ್ತಿಂದ ಅಂತ ಹೇಳು. ಅದನ್ನ ನನಗೆ ಹೇಳದೆ ಕಬಿನಿ ಹಿನ್ನೀರಿನ ವಿಚಾರ ಯಾಕೆ ಬರೆದೆ ಅಂತ ಹೇಳು.

ಪ್ರಮೀಳಾ


ಸರಗೂರು
25 ಮೇ 2025

ಪ್ರಮೀಳಾ,

ಏಪ್ರಿಲ್ ಮೊದಲ್ನೇ ವಾರದಿಂದ. ಹಿನ್ನೀರಿನ ವಿಚಾರ ಬರೆದಾಗ ಇನ್ನೂ ಏನೂ ಆಗಿರ್ಲಿಲ್ಲ.

ಮಾರ್ಚ್ ಕೊನೇಲಿ ಕೋಟೆಯ ಒಂದು ಮದುವೇಲಿ ನಿಮ್ಮ ಕಡೆ ನೆಂಟ್ರು ಯಾರೋ ಬಂದಿದ್ರಂತೆ. ಪದ ಕೇಳಿ, ಈ ದನಿ ನಮ್ಮ ಪ್ರಮೀಳಂದು, ಪಾಪ ಗಂಡ ಹೋಗ್ಬುಟ್ಟ ಅಂದವ್ರೆ. ಅವರು ಮರುಕಪಟ್ಟು ಹೇಳಿದ್ದು. ಆದ್ರೆ ಆ ಮಾತು ಮಂಗಳಮ್ಮನ ಕಿವಿಗೆ ಬಿತ್ತು. ಆವಮ್ಮ ಅಂಗಡಿಗೇ ಬಂದ್ರು. ಕೂಗಾಡ್ಲಿಲ್ಲ. 'ನೋಡವ್ವ, ಮೊದಲು ಗೊತ್ತಿದ್ರೆ ನಾನು ಒಪ್ತಿರ್ಲಿಲ್ಲ' ಅಂದ್ರು ಅಷ್ಟೆ. ಆ ವಾರ ಮೂರು ಮನೆಯೋರು ಪದ ಬೇಡ ಅಂದ್ರು. ಎರಡು ಮನೆಯೋರು ಶಾಮಿಯಾನಾನೂ ಬೇಡ ಅಂದ್ರು. ಇವರು ನನ್ನ ಮುಖ ನೋಡಿ ಆರ್ಡರ್ ಬುಕ್ಕು ಮುಚ್ಚಿಟ್ರು. ಬೈದಿದ್ರೆ ವಾಸಿಯಾಗಿತ್ತು.

ನಾನು ಎಂ ಗುಂಡಿ ಒತ್ದೆ. ನಾಕು ಸಲ ಒತ್ದೆ. ಅಳಿಸ್ಲಿಲ್ಲ ಕಣೆ, ನನ್ನಾಣೆಗೂ ಅಳಿಸ್ಲಿಲ್ಲ. ನಿನ್ನ ಹಸಿರು ಪಟ್ಟಿ ಹಂಗೇ ಅವೆ, ಮಂಕಾಗವೆ ಅಷ್ಟೆ. ಅದರ ಕೆಳಗೆ ನನ್ನ ದನಿ ಹಾಕ್ದೆ. ನಿನಗೆ ಹೇಳೋಕೆ ಎಷ್ಟು ಸಲ ಪೆನ್ನು ಹಿಡ್ದೆ. 'ಅದೊಂದು ಇರಲಿ ವಾಣಿ' ಅಂತ ನೀನು ಬರೆದ ಆ ಒಂದು ಸಾಲು ಮಾತ್ರ ಕಾಣಂಗೆ ಕಾಗದ ಮಡಚಿ ಗೋಡೆಗೆ ಅಂಟಿಸಿದ್ದೆ. ಕಂಪ್ಯೂಟರ್ ಮುಂದೆ ಕೂತ್ರೆ ಮೊದಲು ಕಾಣೋದೇ ಆ ಸಾಲು. ಅದನ್ನ ನೋಡ್ಕೊಂಡೇ ಗುಂಡಿ ಒತ್ದೆ, ಅಂಥ ಕೆಟ್ಟೋಳು ನಾನು.

ಆದ್ರೆ ಈಗ ದಾರಿ ಸಿಕ್ಕದೆ, ಕೇಳು. ನಿನ್ನೆ ಮಂಗಳಮ್ಮನ ಮನೆಗೆ ಹೋಗಿದ್ದೆ. ಮೊಮ್ಮಗಳು ಬಸುರಿ ಅಂತ ಗೊತ್ತಾಗಿ ಆವಮ್ಮ ಖುಷಿಯಾಗಿದ್ರು. ಅದೇ ಹೊತ್ತು ನೋಡಿ ಹೇಳ್ದೆ. ಅಮ್ಮಾ, ಆ ದನಿ ಪ್ರಮೀಳಾ ಗಂಡ ಇದ್ದಾಗ ಹೇಳಿದ್ದು, ಮುತ್ತೈದೆ ದನಿ, ಕಂಪ್ಯೂಟರಲ್ಲಿ ಹಂಗೇ ಕೂತದೆ, ಅದಕ್ಕೆ ಯಾವ ದೋಷ ತಟ್ಟುತ್ತೆ ಅಂದೆ. ಆವಮ್ಮ 'ಅಂಗಾದ್ರೆ ಸರಿ' ಅಂದ್ರು. ಅವರು ಸರಿ ಅಂದ್ರೆ ಊರೇ ಸರಿ ಅಂದಂಗೆ.

ಅದಕ್ಕೇ ನಿನ್ನ ಉತ್ತರ ಬಂದ ತಕ್ಷಣ ನಿನ್ನ ದನಿ ಮತ್ತೆ ತೆರೀತೀನಿ. ನೀನು ಹೊಸದಾಗಿ ಮಾತ್ರ ಏನೂ ಹೇಳೋದು ಬೇಡ. ಆಗಿನ ದನಿ ಆಗಿದ್ದಂಗೇ ಇರ್ಲಿ. ಯಾರೂ ಏನೂ ಅನ್ನಲ್ಲ. ಸರಿ ತಾನೆ?

ವಾಣಿ


ಕಂಪಲಾಪುರದ ಹತ್ತಿರ
3 ಜೂನ್ 2025

ವಾಣಿ,

ಸರಿ ಅಲ್ಲ. ಮಂಗಳಮ್ಮನಿಗೆ ನೀನು ಹೇಳಿದ್ದು ನಿಜವಲ್ಲ. ನಿನಗೆ ಗೊತ್ತಿರಲಿಲ್ಲ, ಅದಕ್ಕೆ ನಿನ್ನ ಬೈಯಲ್ಲ.

ಹೋದ ಡಿಸೆಂಬರಲ್ಲಿ ಕಳಿಸಿದ ಮೂರನೇ ಟೆಂಪ್ಲೇಟಿನ ದನಿ ಹಳೇದಲ್ಲ. ರಘು ಹೋದ ಮೇಲೆ ಹೇಳಿದ್ದು.

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ಕಲಿಸಿದ್ದರು. ಇಷ್ಟು ವರ್ಷ ಇವರು, ಅವರು ಅಂತಲೇ ಕಳೆದೆ. ಈಗ ಇವರು ಅಂದರೆ ಯಾರು? ಅದಕ್ಕೆ ಹೆಸರೇ ಬರೀತಿದ್ದೀನಿ.

ಸೊಪ್ಪು ಮುಗಿದ ಮೇಲೆ ಒಂದು ಮಧ್ಯಾಹ್ನ ಹಳೇ ಫೈಲು ತೆರೆದೆ. ನಾನು ಕತ್ತರಿಸಿದ್ದೀನಿ ಅಂದುಕೊಂಡಿದ್ದೆ. ಕತ್ತರಿಸಿದ್ದು ಮೇಲುಮೇಲಕ್ಕೆ ಅಷ್ಟೆ, ಪಟ್ಟಿಯ ಅಂಚು ಹಿಡಿದು ಎಳೆದರೆ ಒಳಗೆ ಇನ್ನೂ ಇತ್ತು. ಸೋಬಾನೆ ಮುಗಿಯುತ್ತೆ, ಒಂದು ಗಳಿಗೆ ಸದ್ದಿಲ್ಲ, ಆಮೇಲೆ ಬಾಗಿಲಾಚೆಯಿಂದ 'ಆಯ್ತಾ?' ನಾಲ್ಕು ಪಟ್ಟಿಯಲ್ಲೂ ಇತ್ತು. ನಾಲ್ಕನೇದರಲ್ಲಿ ಸ್ವಲ್ಪ ಬೇಜಾರಾಗಿ ಕೇಳಿದ್ದಾನೆ, ಹಸಿವಾಗಿತ್ತೋ ಏನೋ.

ಅದನ್ನ ಒಳಗಿಟ್ಟುಕೊಂಡು ಆ ಫೈಲನ್ನ ಮದುವೆಯಿಂದ ಮದುವೆಗೆ ಕಳಿಸೋಕೆ ನನಗೆ ಮನಸ್ಸು ಬರಲಿಲ್ಲ. ಅದು ನನ್ನದು. ತೆಗೆದು ಬೇರೆ ಇಟ್ಟುಕೊಂಡೆ. ನಿನಗೆ ಹೊಸದಾಗಿ ಹೇಳಿ ಕಳಿಸಿದೆ. ಕೌದಿ ಅತ್ತೆ ಕಟ್ಟಿದರು. ಏನಕ್ಕೆ ಅಂತ ಅವರಿಗೂ ಗೊತ್ತಿತ್ತು. ಹೋದವನು ಅವರ ಮಗ. ಗಂಟು ಗಟ್ಟಿಯಾಗಿದೆಯಾ ಅಂತ ಎಳೆದು ನೋಡಿ ಆಚೆ ಹೋದರು.

ಹಾಗಾಗಿ ಡಿಸೆಂಬರಿಂದ ನೀನು ಗುಂಡಿ ಒತ್ತೋವರೆಗೆ ನಡೆದ ಮದುವೆಗಳಲ್ಲಿ ಸೋಬಾನೆ ಅಂದವಳು ಗಂಡ ಸತ್ತ ಪ್ರಮೀಳಾ. ಮಂಗಳಮ್ಮನ ಮೊಮ್ಮಗಳ ಮದುವೆಯಲ್ಲೂ ನಾನೇ. ಆ ಮಗು ಚೆನ್ನಾಗಿ ಹುಟ್ಟಲಿ, ಚೆನ್ನಾಗಿ ಬಾಳಲಿ. ಹೇಳುವಾಗ ನಾನು ಬೇರೇನೂ ಬಯಸಿರಲಿಲ್ಲ.

ನಿಮ್ಮಜ್ಜಿ ನೆನಪಾಗ್ತಾರೆ. ದೊಡ್ಡತಾಯಮ್ಮನಿಗೆ ಬರದ ಪದ ಇರಲಿಲ್ಲ, ಆದರೆ ತಾತ ಹೋದ ಮೇಲೆ ಹಸೆಮಣೆ ಹತ್ತಿರ ಸುಳಿಯಲಿಲ್ಲ. ಅಡುಗೆಮನೆ ಗೋಡೆ ಹಿಂದೆ ನಿಂತಿರೋರು. ಹೆಂಗಸರು ಸಾಲು ಮರೆತರೆ ಅಲ್ಲಿಂದ ಎತ್ತಿಕೊಡೋರು. ಊರಿನ ಮದುವೆಗಳೆಲ್ಲ ಆಯಮ್ಮನ ದನಿಯಿಂದಲೇ ನಡೆದವು, ಆಯಮ್ಮನ ಮುಖ ಮಾತ್ರ ಯಾರಿಗೂ ಬೇಕಿರಲಿಲ್ಲ. ಗೋಡೆಯಾಚೆ ಇದ್ದರೆ ನಡೆಯುತ್ತೆ, ಕಂಪ್ಯೂಟರಲ್ಲಿದ್ದರೆ ನಡೆಯುತ್ತೆ ಅನ್ನೋದು ನನಗೆ ಇನ್ನು ಬೇಡ. ಗಂಡ ಇದ್ದಾಗಿನ ನನ್ನನ್ನ ಇಟ್ಟುಕೊಂಡು ಈಗಿನ ನನ್ನನ್ನ ಹೊರಗೆ ನಿಲ್ಲಿಸ್ತೀನಿ ಅಂದರೆ ಆಗಲ್ಲ.

ಇಟ್ಟುಕೊಳ್ಳೋದಾದರೆ ಇರೋದನ್ನ ಇರೋ ಹಾಗೆ ಹೇಳಿ ಇಟ್ಟುಕೊ. ನಿನಗೂ ಸಂಸಾರ ಇದೆ, ಅಂಗಡಿ ಇದೆ, ಆಗದಿದ್ದರೆ ತಪ್ಪು ತಿಳಿಯಲ್ಲ. ಆಗ ಮಾತ್ರ ಮ್ಯೂಟ್ ಬೇಡ. ಅಳಿಸಿಬಿಡು.

ಪ್ರಮೀಳಾ


ಸರಗೂರು
24 ನವೆಂಬರ್ 2025

ಅಮ್ಮಿ ಪ್ರಮೀಳಾ,

ಆರು ತಿಂಗಳಾಯ್ತು, ಬೇಕಾದ್ರೆ ಬೈಯಿ. ನಿನ್ನ ಕಾಗದ ಓದಿ ಅಕ್ಕಿ ಡಬ್ಬದೊಳಗೆ ಇಟ್ಬುಟ್ಟೆ. ನಿನ್ನ ಬೇರೆ ಕಾಗದ ಎಲ್ಲಾ ಗೋಡೆ ಮೇಲೆ, ಇದೊಂದು ಅಕ್ಕಿ ಒಳಗೆ. ಅಕ್ಕಿ ಅಳೆಯೋವಾಗೆಲ್ಲ ಕೈಗೆ ತಗುಲ್ತಿತ್ತು. ನಿನಗೆ ಬರೀಬೇಕಾದ್ರೆ ಏನಾದ್ರೂ ಮಾಡಿ ಬರೀಬೇಕಿತ್ತು. ಏನೂ ಮಾಡಿರ್ಲಿಲ್ಲ. ಕಾಗದ ಅಕ್ಕೀಲಿದ್ದಷ್ಟು ದಿನ ಯಾವ ಮದುವೆಗೂ ಪದ ಹೇಳ್ಲಿಲ್ಲ, ಗಂಟಲು ಸರಿ ಇಲ್ಲ ಅಂತ ಸುಳ್ಳು ಹೇಳ್ದೆ.

ಹೋದ ತಿಂಗಳು ನಮ್ಮ ಸೌಂದರ್ಯಂಗೆ ಗಂಡು ಗೊತ್ತಾಯ್ತು. ಕೆ.ಆರ್.ನಗರದೋನು, ಶರತ್ ಅಂತ, ಹಾಲಿನ ಡೈರೀಲಿ ಅವ್ನೆ. ಮದುವೆ ಫೆಬ್ರವರೀಲಿ. ಲಗ್ನ ಕಟ್ಟಿಸ್ದ ದಿನ ಎಲ್ಲಾರೂ, ನಿನ್ನ ಮಗಳಿಗೆ ನಿನ್ನ ಪದಾನೇ ತಾನೇ ಅಂದ್ರು. ಕಂಪ್ಯೂಟರ್ ಮುಂದೆ ಕೂತೆ. ಟೆಂಪ್ಲೇಟು ತೆರೆದೆ. ನಿನ್ನ ನಾಕು ಪಟ್ಟಿ ಮಂಕಾಗಿ ಕೂತಿದ್ವು. ನನ್ನ ಸ್ವಂತ ಮಗಳಿಗೆ ನಾನೊಬ್ಬಳೇ ಪದ ಹೇಳಿ ನಾನೊಬ್ಬಳೇ ಸೋಬಾನೆ ಅಂದ್ಕೊಬೇಕಾ ಅನ್ನಿಸ್ತು.

ಎದ್ದು ಹೋಗಿ ಅಕ್ಕಿ ಡಬ್ಬ ತೆಗ್ದೆ. ನಿನ್ನ ಕಾಗದ ತಂದು ಗೋಡೆಗೆ ಅಂಟಿಸ್ದೆ. ಮಿಕ್ಕಿದ್ದೆಲ್ಲದರ ಮಧ್ಯ, ಬಾಗಿಲಿಂದ ಬಂದ್ರೆ ಎದುರಿಗೇ ಕಾಣಂಗೆ. ನಿನ್ನ ಕೇಳ್ಲಿಲ್ಲ. ಕೇಳಿದ್ರೆ ಬೇಡ ಅಂತಿದ್ದೆ. ಮದುವೆ ಪದ ಬೇಕು ಅಂತ ಬಂದೋರೆಲ್ಲ ಅದನ್ನ ಓದ್ತಾರೆ. ಕೆಲವರು ಓದಿ ಸುಮ್ನೆ ಎದ್ದೋಗ್ತಾರೆ. ಕೆಲವರು ಓದಿ, ಹೆಸರು ಬರ್ಕೊಳ್ಳಿ ಅಂತಾರೆ. ಎದ್ದೋಗೋರೇ ಜಾಸ್ತಿ, ಸುಳ್ಳು ಯಾಕೆ ಹೇಳ್ಲಿ. ಇವರು ಅಂಟಿಸ್ದ ದಿನ ಓದಿದ್ರು. ಒಂದು ಮೂಲೆ ಸರಿಯಾಗಿ ಅಂಟಿರ್ಲಿಲ್ಲ, ಬೆರಳಲ್ಲಿ ಒತ್ತಿ ಸರಿ ಮಾಡಿದ್ರು.

ಮಂಗಳಮ್ಮಾನೂ ಬಂದ್ರು. ಆವಮ್ಮನಿಗೆ ಓದೋಕೆ ಬರಲ್ಲ. ಮೊಮ್ಮಗಳು ಹೊಟ್ಟೆ ಹೊತ್ಕೊಂಡು ಜೊತೇಲಿದ್ಲು, ಅವಳೇ ನಿಂತ್ಕೊಂಡು ಜೋರಾಗಿ ಓದಿ ಹೇಳಿದ್ಲು. 'ಆ ಮಗು ಚೆನ್ನಾಗಿ ಹುಟ್ಟಲಿ' ಅನ್ನೋದನ್ನ ಎರಡು ಸಲ ಓದಿದ್ಲು. ಆಮೇಲೆ ಮುಂದಕ್ಕೆ ಓದಿದ್ಲು. ಮಂಗಳಮ್ಮ ನೀರು ಕೇಳಿದ್ರು. ಕುಡಿದು, 'ಆ ಹುಡುಗಿ ಪ್ರಮೀಳಾ ಊಟಗೀಟ ಸರಿಯಾಗಿ ಮಾಡ್ತಾಳಾ?' ಅಂದ್ರು. ಅಷ್ಟೇ ಕಣೆ. ಒಪ್ಪಿದ್ರೋ ಇಲ್ವೋ ನನಗೂ ಗೊತ್ತಾಗ್ಲಿಲ್ಲ. ಹೋಗೋವಾಗ ಬಾಗಿಲಲ್ಲಿ ನಿಂತು ಗೋಡೆ ಕಡೆ ಇನ್ನೊಂದು ಸಲ ನೋಡಿದ್ರು.

ಜೊತೇಲಿರೋ ಡ್ರೈವಲ್ಲಿ ನಾಕನೇ ಟೆಂಪ್ಲೇಟು ಅದೆ. ನಾನೇ ಮಾಡಿದ್ದು. ನಗಬೇಡ. ಹಸಿರು ಪಟ್ಟಿ ನಾಕರಲ್ಲೂ ನಾನು ಹೇಳಿದೀನಿ, ನೀನು ಮಾಡ್ದಂಗೇ ಅಂಗಡಿಯ ಮೂಲೆ ಮೂಲೇಲಿ ನಿಂತು. ಮೂರು ಮೂಲೆ ಖಾಲಿ ಇತ್ತು, ನಾಕನೇದ್ರಲ್ಲಿ ಪ್ಲಾಸ್ಟಿಕ್ ಕುರ್ಚಿ ಜೋಡಿಸಿದ್ರು, ಅದರ ಮೇಲೆ ಹತ್ತಿ ನಿಂತೆ. ಮೇಲಿನ ಕೆಂಪು ಪಟ್ಟಿ ಖಾಲಿ. ಅದಕ್ಕೆ ಹೆಸರು ಹಾಕಿದೀನಿ ನೋಡು, ಪ್ರಮೀಳಾ ಅಂತ.

ಸೌಂದರ್ಯನ ಪದ ನೀನು ಎತ್ತು. ನಾನು ಹಿಂದೆ ನಿಂತ್ಕೋತೀನಿ.

ವಾಣಿ


ಕಂಪಲಾಪುರದ ಹತ್ತಿರ
15 ಡಿಸೆಂಬರ್ 2025

ವಾಣಿ,

ಕೇಳದೆ ಕಾಗದ ಅಂಟಿಸಿದ್ದಕ್ಕೆ ಸಿಟ್ಟು ಬಂತು. ಎರಡು ದಿನ ಇತ್ತು. ನಾಲ್ಕನೇ ಹಸಿರು ಪಟ್ಟಿಯಲ್ಲಿ ಕುರ್ಚಿ ಕಿರುಗುಟ್ಟೋದು ಕೇಳಿ ಹೋಯ್ತು.

ನಿನ್ನ ಟೆಂಪ್ಲೇಟು ಪರವಾಗಿಲ್ಲ. ಶ್ರುತಿ ಒಂದು ಸ್ವರ ಮೇಲಿತ್ತು, ಇಳಿಸಿದ್ದೀನಿ. ಸೋಬಾನೆ ಹಿಡಿಯುವಾಗ ಅವಸರ ಮಾಡ್ತೀಯ. ಮುಂದಿನವಳು ಸಾಲು ಮುಗಿಸಿ ಉಸಿರು ತಗೊಳ್ಳೋವರೆಗೆ ಹಿಂದಿನವಳು ಕಾಯಬೇಕು. ನಿನಗೆ ರೂಢಿಯಿಲ್ಲ, ಕಲಿತೀಯ ಬುಡು. ಎಲ್ಲ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸಿದ್ದೀನಿ.

ಅತ್ತೆ ಕೌದಿ ಕಟ್ಟಿಕೊಟ್ಟು ಹಸು ನೋಡೋಕೆ ಹೋದರು. ಬ್ಯಾರನ್ ಮಧ್ಯದಲ್ಲಿ ನಿಂತೆ. ಇಷ್ಟು ದಿನ ಮೂಲೆಯಲ್ಲೇ ನಿಂತು ಅಭ್ಯಾಸ, ಕೈ ಎಲ್ಲಿಡಬೇಕು ಅಂತಲೇ ತಿಳಿಯಲಿಲ್ಲ. ಸೌಂದರ್ಯ ತೊಟ್ಟಿಲಲ್ಲಿದ್ದಾಗ ನೀನು ಅವಳನ್ನ ನನ್ನ ಮಡಿಲಿಗೆ ಹಾಕಿ ಪದ ಹೇಳೋಕೆ ಹೋಗ್ತಿದ್ದೆ, ಅದು ನೆನಪಾಯ್ತು. ಹೇಳಿದೆ. ಹಿಂದೆ ನಾಲ್ಕು ಕಡೆಯಿಂದ ನೀನು ಸೋಬಾನೆ ಅಂದೆ. ಕಣ್ಣು ತುಂಬಿಕೊಂಡರೂ ದನಿ ಕೆಡಲಿಲ್ಲ.

ಶರತ್ ಹೆಸರು ಎರಡು ಸಲ ಬರುತ್ತೆ, ಸರಿಯಾಗಿದೆಯಾ ನೋಡಿಕೊ. ಮತ್ತೆ ಸುನೀಲ್ಕುಮಾರ್ ಬಂದರೆ ನನ್ನ ಕೇಳಬೇಡ.

ಮದುವೆಗೆ ಬತ್ತೀನಿ. ಅತ್ತೇನೂ ಬತ್ತಾರೆ. ಕೈ ತೊಳೆಯೋ ಕಡೆ ನಿಲ್ಲೋಲ್ಲ, ಮೊದಲೇ ಹೇಳಿದ್ದೀನಿ.

ಒಂದು ಮಾತು ಮರೀಬೇಡ. ಪದ ಮುಗಿದ ಮೇಲೆ ಫೈಲು ಇನ್ನೂ ಸ್ವಲ್ಪ ಉದ್ದ ಇದೆ. ಕೊನೇ ಸಾಲು ಹೇಳಿ ಹಾಗೇ ನಿಂತಿದ್ದೆ, ಗುಂಡಿ ಒತ್ತೋದು ಮರೆತು. ಬಾಗಿಲಾಚೆಯಿಂದ ಯಾರೂ ಕೇಳಲಿಲ್ಲ. ಕಾದು ಕಾದು ಕೊನೆಗೆ ನಾನೇ 'ಆಯ್ತು' ಅಂದೆ. ಅದೂ ರೆಕಾರ್ಡಾಗಿದೆ. ಅದನ್ನ ಕತ್ತರಿಸಬೇಡ.

ಪ್ರಮೀಳಾ